ಗಡಿಯಾರದ ಪ್ರಶ್ನೆ

ಇತವಾರಿ ಪೇಟೆಯ ಬಟ್ಟೆ ಸೇಠ್ ತನ್ನ ಪಾಲುದಾರನಿಗೆ ಮೋಸ ಮಾಡಿದ ಕೇಸು ಅದು. ಎಂಬತ್ತರ ದಶಕದ ನಾಗಪುರದಲ್ಲಿ ಇಂಥ ಸೇಠ್‌ಗಳನ್ನು ಬಿಡಿಸಲು ವಕೀಲ ಬೋಪಣ್ಣನೇ ಬೇಕಿತ್ತು. ಸೇಠ್ ಗೋದಾಮಿನಿಂದ ಕದ್ದು ಮಾಲು ಸಾಗಿಸಿದ್ದನ್ನು ಎರಡು ವರ್ಷದ ಹಿಂದೆ ಕಣ್ಣಾರೆ ಕಂಡವನು ಎದುರು ಮನೆಯ ಕನ್ನಡಿಗ ಬಸವಂತ ಒಬ್ಬನೇ.

ಸಾಕ್ಷಿ ಹೇಳುವ ದಿನ ಬೆಳಿಗ್ಗೆ ಬೋಪಣ್ಣ ಅವನಿಗೆ ಚಹಾ ಕೊಡಿಸಿ, ಕನ್ನಡದಲ್ಲಿ ಮಾತಿಗೆಳೆದ. ತಾನು ಸೇಠನ ವಕೀಲನೆಂದು ಮಾತ್ರ ಹೇಳಲಿಲ್ಲ.

"ನಮ್ಮ ಮಾತು ಕೇಳಿ ಜೀವಕ್ಕ ತಂಪಾತ್ರಿ ವಕೀಲ್ರ," ಎಂದ ಬಸವಂತ. "ಈ ವರ್ಷ ಕಣ್ಣಿಗೆ ಪೊರಿ ಬಂದೈತಿ. ಮನ್ಯಾಗೂ ಹೇಳಿಲ್ಲ."

ಕಟಕಟೆಯಲ್ಲಿ ನಿಂತ ಬಸವಂತನಿಗೆ ಬೋಪಣ್ಣ ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದ: ಎದುರಿನ ಗಡಿಯಾರದಲ್ಲಿ ಗಂಟೆಯೆಷ್ಟು? ಬಸವಂತ ಗೋಡೆಯತ್ತ ನೋಡಲೇ ಇಲ್ಲ. ದನಿ ಬಂದ ಕಡೆ ಮುಖ ತಿರುಗಿಸಿ ನಿಂತ. ಆಕಳಿಸುತ್ತಿದ್ದ ಸರ್ಕಾರಿ ವಕೀಲ, ಎರಡು ವರ್ಷದ ಹಿಂದೆ ಆ ಕಣ್ಣು ಚೆನ್ನಾಗಿತ್ತೇ ಎಂದು ಕೇಳಲಿಲ್ಲ. ಗೊತ್ತಿದ್ದ ಬೋಪಣ್ಣ ಹೇಳಲಿಲ್ಲ. ಸಾಕ್ಷ್ಯ ಬಿದ್ದುಹೋಯಿತು.

ಸಂಜೆ ಕೋರ್ಟಿನ ಮೆಟ್ಟಿಲ ಮೇಲೆ ಬಸವಂತ ತಡವರಿಸುತ್ತಿದ್ದ. ಬೋಪಣ್ಣನಿಗೆ ತಡೆಯಲಾಗಲಿಲ್ಲ, ಕೈ ಹಿಡಿದು ಇಳಿಸಿದ. ದನಿಯ ಗುರುತು ಹತ್ತೀತೆಂದು ಹೆದರಿ ತುಟಿ ಬಿಚ್ಚಲಿಲ್ಲ.

ಕೊನೆಯ ಮೆಟ್ಟಿಲಲ್ಲಿ ಬಸವಂತ ಮೆಲ್ಲಗೆ ಕೈ ಬಿಡಿಸಿಕೊಂಡ.

"ಶುಕ್ರಿಯಾ, ವಕೀಲ್ ಸಾಬ್," ಎಂದ, ಹಿಂದಿಯಲ್ಲಿ.