ಕ್ಷಮೆಯ ಪ್ರಸಾರ

ಬೆಂಗಳೂರಿನ ದೊಮ್ಮಲೂರಲ್ಲಿ ಮನೆಗಳ ಪಾತ್ರೆ ತೊಳೆಯುವ ಜಟ್ಟೆಮ್ಮ ಎಫ್‌ಎಂ ಕೇಂದ್ರಕ್ಕೆ ಫೋನ್ ಮಾಡಿ, ಮಗಳ ಹುಟ್ಟುಹಬ್ಬಕ್ಕೆ ಒಂದು ಹಾಡು ಕೇಳಿದಳು. ನಿರೂಪಕ ಅವಳ ರಾಯಚೂರಿನ ಮಾತನ್ನು ಅಣಕಿಸಿ, “ನಿಮ್ ಕಡೆಯವ್ರು ಹುಟ್ಟುಹಬ್ಬಕ್ಕಾದ್ರೂ ಸ್ನಾನ ಮಾಡ್ತೀರಾ?” ಎಂದು ನಕ್ಕು ಫೋನ್ ಕಟ್ ಮಾಡಿದ.

ಮಗಳು ಪ್ರಿಯದರ್ಶಿನಿ ಕೇಂದ್ರಕ್ಕೇ ಹೋಗಿ ಜಗಳವಾಡಿದಳು.

“ತಮಾಷೆ ಕಣಮ್ಮ. ವಾಕ್ ಸ್ವಾತಂತ್ರ್ಯ ಇದೆಯಲ್ಲ,” ಎಂದ ಮ್ಯಾನೇಜರ್.

“ನಮ್ಮವ್ವಗೂ ಐತ್ರೀ. ಆಕಿ ಮಾತಾಡೂದ್ರಾಗ ಫೋನ್ ಯಾಕ ಕಟ್ ಮಾಡಿದ್ರಿ?”

ಕೊನೆಗೆ ಕೇಂದ್ರದವರು ರೇಡಿಯೊದಲ್ಲೇ ಕ್ಷಮೆ ಕೇಳಲು ಒಪ್ಪಿದರು.

ಮರುದಿನ ಜಟ್ಟೆಮ್ಮ ಕೆಲಸಕ್ಕಿದ್ದ ಮನೆಯ ರೇಡಿಯೊದಲ್ಲಿ ಆ ಕ್ಷಮೆ ಬಂತು. ಯಾವುದಕ್ಕೆಂದು ಕೇಳುಗರಿಗೆ ತಿಳಿಯಲೆಂದು ಮೊದಲು ಜಟ್ಟೆಮ್ಮನ ದನಿ, ಅವನ ಅಣಕ, ನಗು ಎಲ್ಲವನ್ನೂ ಇನ್ನೊಮ್ಮೆ ಕೇಳಿಸಿದರು. ಮನೆಯವರೂ ನಕ್ಕರು.

“ಜಟ್ಟೆಮ್ಮ, ಅದು ನೀನೇನಾ?” ಎಂದು ಯಜಮಾನಿ ಕೇಳಿದಳು.

“ನಾನಲ್ಲ ಮೇಡಂ,” ಎಂದಳು ಜಟ್ಟೆಮ್ಮ, ಆದಷ್ಟೂ ಬೆಂಗಳೂರಿನವರ ಹಾಗೆ.