ಮಣ್ಣಿಗೆ ಬರಬೇಕಂತೆ

“ಅಲ್ಲೇ ನಿಲ್ಸೇ ಗಾಡಿಯಾ! ಅರಳೀಕಟ್ಟೆಯಿಂದ ಈಚ್ಗೆ ತರ್‍ಬ್ಯಾಡ ಅಂತ ಎಷ್ಟ್ ದಪ ಬಡ್ಕೋಬೇಕು ನಿಂಗೆ? ಕಿವೀಲೇನ್ ಸಗಣಿ ಮೆತ್ಕಂಡಿದ್ದೀಯ?”

ಸುನಂದಮ್ಮನವರು ಜಗಲಿಯ ಮೇಲೆ ನಿಂತೇ ಕೂಗಿದರು. ನನ್ನ ಸೊಸೆ ರಾಣಿ ಬ್ರೇಕು ಒತ್ತಿದಳು. ಪಂಚಾಯ್ತಿಯ ಕಸದ ಗಾಡಿ ಅರಳೀಕಟ್ಟೆಯ ನೆರಳಿನಲ್ಲಿ ನಿಂತಿತು. ಅದರ ತಲೆ ಮೇಲಿನ ಮೈಕು ಮಾತ್ರ ಹಸಿ ಕಸ ಬೇರೆ, ಒಣ ಕಸ ಬೇರೆ ಎಂದು ಹಾಡುತ್ತಲೇ ಇತ್ತು. ಆ ಹಾಡು ಗುಡಿ ಬೀದಿಯ ಕೊನೆಯ ತನಕ ಹೋಗಬಹುದಿತ್ತು. ಗಾಡಿ ಹೋಗುವಂತಿರಲಿಲ್ಲ.

“ಅವ್ವಾರೆ, ಬ್ಯಾರೆ ಬ್ಯಾರೆ ಮಾಡಿ ಕೊಡ್ರಿ ಅಂತ ನೆನ್ನೇನೂ ಯೋಳಿದ್ದೆ,” ಎಂದಳು ರಾಣಿ.

“ಬ್ಯಾರೆ ಮಾಡಕ್ಕೇ ನೀವಿರೋದು ಕಣೇ. ನಾವೇ ಮಾಡ್ಕಳಂಗಿದ್ರೆ ನಿಮಗ್ಯಾಕೆ ಗಾಡಿ ಕೊಡ್ತಿದ್ರು?”

ಅವರು ಜಗಲಿಯಿಂದಲೇ ಕವರು ಬೀಸಿದರು. ಅದು ಗಾಡಿಯ ಅಂಚಿಗೆ ಬಡಿದು ಒಡೆಯಿತು. ಅನ್ನ, ಸಾರು, ಹಲಸಿನ ಸಿಪ್ಪೆ, ಮಗುವಿನ ಕಕ್ಕಸಿನ ಪ್ಯಾಂಪರ್ಸು ಎಲ್ಲ ಒಟ್ಟಿಗೆ ನನ್ನ ತೊಡೆಯ ಮೇಲೆ ಬಿದ್ದವು. ನಾನು ಗಾಡಿಯ ಹಿಂಭಾಗದಲ್ಲಿ ಡಬ್ಬಗಳ ನಡುವೆ ಕುಳಿತು ಕಸ ಆರಿಸುವವನು. ಅನ್ನವನ್ನು ಹಸಿರು ಡಬ್ಬಕ್ಕೆ ಹಾಕಿದೆ. ಪ್ಯಾಂಪರ್ಸನ್ನು ಬೇರೆ ಚೀಲಕ್ಕೆ ಹಾಕಿದೆ. ಬಟ್ಟೆ ಒರೆಸಿಕೊಂಡೆ.

ಈ ದಾಸಯ್ಯನಿಗೆ ಬಾಯಿಲ್ಲ ಎಂದು ಊರವರು ಹೇಳುತ್ತಾರೆ. ಆದರೆ ಒಂದು ಕಾಲಕ್ಕೆ ಕೂಗುವುದೇ ನನ್ನ ಕೆಲಸವಾಗಿತ್ತು. ಊರಲ್ಲಿ ಯಾರಾದರೂ ಹೋದರೆ ಸಾರುವ ಬಾಬತ್ತು ನಮ್ಮ ಮನೆಯದು. ನನ್ನಪ್ಪ ಮಾಡಿದ, ಅವನ ಹಿಂದೆ ನಾನು ಮಾಡಿದೆ. ಕೋಲನ್ನು ತಲೆಕೆಳಗಾಗಿ ಹಿಡಿದು ಬರುವವನನ್ನು ಕಂಡರೆ ಸಾಕು, ಜನ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನಿಲ್ಲುತ್ತಿದ್ದರು. ಸತ್ತರು ಎಂಬ ಮಾತನ್ನು ನಾವು ಆಡುವಂತಿಲ್ಲ. ಇಂಥವರ ಮಣ್ಣಿಗೆ ಬರಬೇಕಂತೆ ಎನ್ನಬೇಕು, ಅಷ್ಟೆ. ಆಮೇಲೆ ಮಣ್ಣು ಮುಗಿಯುವ ತನಕ ಊರಲ್ಲಿ ಒಲೆ ಉರಿಯುವಂತಿಲ್ಲ, ಗುಡಿಯಲ್ಲಿ ಗಂಟೆ ಬಾರಿಸುವಂತಿಲ್ಲ. ಸಾರುವವನನ್ನು ಅಡ್ಡಗಟ್ಟುವಂತಿಲ್ಲ. ಆ ಒಂದು ಹೊತ್ತು ಮಾತ್ರ ನಮಗೆ ಗುಡಿ ಬೀದಿಯಲ್ಲಿ ಕಾಲಿಡಲು ಬಿಡುತ್ತಿದ್ದರು.

ಸುನಂದಮ್ಮನವರ ಮಾವ ಹೋದಾಗ ಮಿರ್ಲೆಯ ತನಕ ನಡೆದು, ಅವರ ತವರಿಗೆ ಹೇಳಿ ಬಂದವನು ನಾನು. ಅಲ್ಲಿ ನನ್ನ ಬೊಗಸೆಗೆ ಎತ್ತರದಿಂದ ನೀರು ಹುಯ್ದರು. ಕುಡಿದು ಹಿಂದಿರುಗಿದೆ. ಫೋನು ಬಂದ ಮೇಲೆ ನನ್ನ ಕೋಲು ಸೂರಿನ ಸಂದಿ ಸೇರಿತು.

ಕೇರಿಯ ಸಾವಿಗೆ ಇದಾವುದೂ ಇರಲಿಲ್ಲ. ನಮ್ಮವರ ಹೆಣ ಊರೊಳಕ್ಕೆ ಬರುತ್ತಿರಲಿಲ್ಲ. ಕೇರಿಯ ಹಿತ್ತಲಿನಿಂದ ನೇರ ಕೆರೆ ದಂಡೆಗೆ ಹೋಗುತ್ತಿತ್ತು. ನನ್ನ ಹೆಂಡತಿ ಚಿಕ್ಕಬೀರಮ್ಮನನ್ನು ಹೊತ್ತುಕೊಂಡು ಹೋಗುವಾಗ ಗುಡಿಯಲ್ಲಿ ಮಂಗಳಾರತಿಯ ಗಂಟೆ ಹೊಡೆಯುತ್ತಿತ್ತು. ಅವಳನ್ನು ಕೆರೆ ದಂಡೆಯಲ್ಲಿ, ಬೆಟ್ಟದಪುರದ ಬೆಟ್ಟ ಕಾಣುವ ಕಡೆಗೆ ತಲೆ ಮಾಡಿ ಮಲಗಿಸಿದೆವು. ಅವಳಿಗೆ ಎಲೆ ಅಡಿಕೆ ಇಲ್ಲದೆ ಆಗುತ್ತಿರಲಿಲ್ಲ ಎಂದು ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿದೆ. ನಾವು ಕಲ್ಲು ನಿಲ್ಲಿಸುವವರಲ್ಲ. ತಲೆದೆಸೆಗೆ ಒಂದು ಲೋಳೆಸರದ ಗಿಡ ಊರುತ್ತೇವೆ. ಅಲ್ಲಿ ಗಿಡ ಎಷ್ಟಿದ್ದವೋ ನಮ್ಮವರು ಅಷ್ಟು ಜನ ಇದ್ದರು.

ಆ ಜಾಗಕ್ಕೇ ಈಗ ಕಣ್ಣು ಬಿದ್ದಿತ್ತು.

ಕೆರೆ ಸುತ್ತ ಸಸಿ ನೆಡುತ್ತಾರೆ, ತಾಲ್ಲೂಕಿನಿಂದ ದೊಡ್ಡವರು ಬರುತ್ತಾರೆ ಎಂಬ ಸುದ್ದಿ ಕಸದ ಗಾಡಿಯ ಮೈಕಿನಲ್ಲೇ ಬಂತು. ಕಸ ಇಳಿಸಿ ನಾನೂ ರಾಣಿಯೂ ಪಂಚಾಯ್ತಿಗೆ ಹೋದೆವು. ಪಿಡಿಒ ಶಶಿಕುಮಾರ್ ಒಳಗಿದ್ದರು. ಅವರೆದುರು ಸುನಂದಮ್ಮನವರ ಗಂಡ ಪುಟ್ಟಮಲ್ಲಪ್ಪನವರು ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಹಿಂದೆ ಪಂಚಾಯ್ತಿ ಅಧ್ಯಕ್ಷರಾಗಿದ್ದವರು. ಈಗಲೂ ಆ ಕುರ್ಚಿಯಲ್ಲಿ ಬೇರೆಯವರು ಕೂರುವುದಿಲ್ಲ. ನಾವು ಬಾಗಿಲಲ್ಲೇ ನಿಂತೆವು.

“ಸಾ, ಪಡುವಲ ದಂಡೇಲಿ ನಮ್ಮ ಜನ ಮಲಗವ್ರೆ. ಅದೊಂದು ಜಾಗ ಬುಟ್ಟು ಗುಂಡಿ ತೆಗೀರಿ,” ಎಂದೆ.

ಶಶಿಕುಮಾರ್ ಒಳ್ಳೆಯ ಮಾತಿನ ಮನುಷ್ಯ. “ನೋಡಿ ದಾಸಯ್ಯ, ಸ್ಮಶಾನ ಅಂತ ಅಲ್ಲಿ ಯಾವ ದಾಖಲೆನೂ ಇಲ್ಲ. ಕೆರೆ ಜಾಗ ಅದು. ಗಿಡ ಬೆಳೆದ್ರೆ ನೆರಳು ನಿಮಗೇ ತಾನೇ? ಕೆರೆ ಸುತ್ತ ಹಸಿರಾಗ್ಲಿ ಬಿಡಿ.”

“ಸುತ್ತ ಅಂದ್ರೆ ಮೂಡ್ಲ ಕಡೀಕೂ ಆಯ್ತದಲ್ಲ ಸಾ,” ಎಂದಳು ರಾಣಿ. “ಅಲ್ಯಾಕೆ ಒಂದು ಗುಂಡೀನೂ ತೆಗೆಯಲ್ವಂತೆ?”

ಮೂಡಲ ದಂಡೆಯಲ್ಲಿ ಪುಟ್ಟಮಲ್ಲಪ್ಪನವರ ಶುಂಠಿ ಇತ್ತು. ಮಡಿಗಳು ನೀರಿನ ಅಂಚಿನ ತನಕ ಇಳಿದಿದ್ದವು. ಮಳೆ ಜೋರಾದ ವರ್ಷ ಶುಂಠಿಯೊಳಗೇ ಮೀನು ಆಡುತ್ತಿದ್ದವು. ಎಲ್ಲರಿಗೂ ಗೊತ್ತಿದ್ದ ಸಂಗತಿ. ಯಾರೂ ಬಾಯಿ ಬಿಟ್ಟಿರಲಿಲ್ಲ.

ಪುಟ್ಟಮಲ್ಲಪ್ಪನವರು ಕಾಲು ಇಳಿಸಿದರು. “ಏನೇ ಅಂದೆ, ಬೇವರ್ಸಿ ಮುಂಡೆ? ಸ್ಟೇರಿಂಗ್ ಇಡ್ಕಂಡೇಟ್ಗೆ ನಾಲ್ಗೆ ಉದ್ದಾಗೋಯ್ತಾ? ನಾಳೀಕೆ ಗಾಡಿ ಬೀಗದ್ ಕೈ ಕಿತ್ಕಂಡ್ರೆ ಮತ್ತೆ ನಮ್ಮ ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಮುಂದೇನೆ ಕೂಲಿಗೆ ಬಂದು ನಿಂತ್ಕೋಬೇಕು ನೀನು, ತಿಳ್ಕ.”

“ಚಿಕ್ಕುಡ್ಗಿ, ಬುಡಿ ಬುದ್ಧಿ,” ಎಂದೆ ನಾನು.

“ನಿಂಗೂ ಯೋಳ್ತೀನಿ ಕೇಳು ದಾಸ. ಸತ್ತೋರು ಸತ್ರು. ಮುಂದಕ್ಕೆ ಸಾಯೋರ್ನ ಸುಟ್ಟಾಕ್ರಿ. ಹೊಗೇಲಿ ಓಯ್ತವೆ, ಜಾಗದ್ ತರ್ಲೆನೇ ಇರಲ್ಲ.”

ಅವರು ನಕ್ಕರು. ಶಶಿಕುಮಾರ್ ನಗಲಿಲ್ಲ. ಮೊಬೈಲು ನೋಡಿಕೊಂಡರು.

ಕಾರ್ಯಕ್ರಮದ ಹಿಂದಿನ ದಿನ ನಾವು ಕಸ ತುಂಬಿಕೊಂಡು ಕೆರೆ ಕಡೆ ಬಂದೆವು. ಕಸ ವಿಂಗಡಿಸುವ ಶೆಡ್ಡನ್ನೂ ಪಂಚಾಯ್ತಿಯವರು ಅಲ್ಲೇ, ನಮ್ಮವರ ಪಕ್ಕದಲ್ಲೇ ಕಟ್ಟಿದ್ದಾರೆ. ತಿರುವಿನಲ್ಲಿ ರಾಣಿ ಗಾಡಿ ನಿಲ್ಲಿಸಿಬಿಟ್ಟಳು.

“ಮಾವ,” ಎಂದಳು. ಕೈ ಎತ್ತಿ ಮುಂದಕ್ಕೆ ತೋರಿಸಿದಳು.

ಜೆಸಿಬಿ ಕೆಲಸ ಮಾಡುತ್ತಿತ್ತು. ಲೋಳೆಸರಗಳೆಲ್ಲ ಬೇರು ಮೇಲಾಗಿ ಒಂದು ಕಡೆ ರಾಶಿ ಬಿದ್ದಿದ್ದವು. ಒಂದೂ ತನ್ನ ಜಾಗದಲ್ಲಿರಲಿಲ್ಲ. ಸಾಲಾಗಿ ಗುಂಡಿಗಳು ಬಾಯಿ ತೆರೆದಿದ್ದವು. ನಾನು ಇಳಿದು ನಡೆದೆ. ಗಿಡ ಹೋದ ಮೇಲೆ ಯಾರು ಎಲ್ಲಿದ್ದರು ಎಂದು ನನಗೂ ಹೊಳೆಯಲಿಲ್ಲ. ನನ್ನಪ್ಪನನ್ನು ಎಲ್ಲಿಟ್ಟಿದ್ದೆವು, ಅವ್ವನನ್ನು ಎಲ್ಲಿಟ್ಟಿದ್ದೆವು, ಎಲ್ಲ ಒಂದೇ ಮಣ್ಣು.

ಜೆಸಿಬಿಯ ಬಾಯಿ ಮತ್ತೊಮ್ಮೆ ಮೇಲೆ ಬಂತು. ಮಣ್ಣಿನ ಜೊತೆ ಬೆಳ್ಳಗಿನದೇನೋ ಬಿತ್ತು. ಸಣ್ಣದೊಂದು ಉರುಳಿಕೊಂಡು ಬಂದು ನನ್ನ ಕಾಲ ಹತ್ತಿರ ನಿಂತಿತು. ಕಿಲುಬು ಹತ್ತಿದ ಸುಣ್ಣದ ಡಬ್ಬಿ.

ನಾನು ಅಲ್ಲೇ ಕುಕ್ಕರಿಸಿದೆ. ಮುಚ್ಚಳ ಬಿಚ್ಚಿದೆ. ಒಳಗೆ ಸುಣ್ಣ ಕಲ್ಲಾಗಿತ್ತು. ಅವಳು ಕೊನೆಯ ಸಲ ಬೆರಳಿನಿಂದ ತೆಗೆದ ಗೀರು ಹಾಗೇ ಇತ್ತು.

ರಾಣಿ ಜೆಸಿಬಿಯ ಮುಂದೆ ಹೋಗಿ ನಿಂತಳು. “ನಿಲ್ಸೋ! ನಿಮ್ಮವ್ವನ್ ಗೋರಿ ಬಗೀತಿದ್ದೀಯೇನೋ, ನಿಲ್ಸೋ!”

ಯಂತ್ರ ನಿಂತಿತು. ದಂಡೆಯ ಮೇಲೆ ಶಾಮಿಯಾನ ಕಟ್ಟಿಸುತ್ತಿದ್ದ ಪುಟ್ಟಮಲ್ಲಪ್ಪನವರೂ ಶಶಿಕುಮಾರ್ ಅವರೂ ಬಂದರು. ಶಶಿಕುಮಾರ್ ಗುಂಡಿ ನೋಡಿ ಮುಖ ತಿರುಗಿಸಿದರು.

“ಅಯ್ಯೋ, ನಾಳೆ ಬೆಳಿಗ್ಗೆ ಗೆಸ್ಟ್ ಬರ್ತಾರೆ. ಇದು ಹಿಂಗೇ ಇದ್ರೆ ಫೋಟೋದಲ್ಲಿ ಬೀಳುತ್ತೆ,” ಎಂದರು.

“ಕಸದ ಗಾಡಿ ಇಲ್ಲೇ ಐತಲ್ಲ,” ಎಂದರು ಪುಟ್ಟಮಲ್ಲಪ್ಪನವರು. “ತುಂಬ್ಕೊಂಡು ಓಗಿ ಎಲ್ಲಾರ ಸುರುದ್ಬುಡ್ರಿ. ಅವ್ರದೇ ಮಾಲು, ಅವ್ರೇ ಸಾಗುಸ್ಲಿ.”

ಜೆಸಿಬಿ ಮೇಲಿದ್ದವನು ಬೇರೆ ಊರಿನವನು. ಬೀಡಿ ಹಚ್ಚುತ್ತಾ ಕೇಳಿದ, “ಯಾವ ಡಬ್ಬಕ್ ಆಕ್ತೀಯ ತಾತ? ಇದು ಅಸಿ ಕಸನೋ, ಒಣ ಕಸನೋ?”

ಪುಟ್ಟಮಲ್ಲಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾನು ತಲೆಯ ಟವೆಲು ಬಿಚ್ಚಿ ನೆಲಕ್ಕೆ ಹಾಸಿದೆ. ಮೂಳೆಗಳನ್ನು ಒಂದೊಂದಾಗಿ ಆರಿಸಿದೆ. ದಿನವೂ ಆರಿಸುವ ಕೈಯೇ ಅದು. ಅಷ್ಟೂ ಸಿಕ್ಕಿತೋ ಇಲ್ಲವೋ ತಿಳಿಯದು. ಗಂಟು ಕಟ್ಟಿದೆ. ಮಗು ಎತ್ತಿಕೊಂಡ ಹಾಗಿತ್ತು, ಅಷ್ಟೇ ಭಾರ.

“ಆಯ್ತು ಬುದ್ಧಿ. ಸಾಗುಸ್ತೀನಿ,” ಎಂದೆ.

ಬೆಳಿಗ್ಗೆ ರಾಣಿ ಗಾಡಿಯನ್ನು ತೊಳೆದಳು. ಡಬ್ಬಗಳನ್ನು ಇಳಿಸಿದಳು. ತನ್ನ ಮದುವೆಯ ಸೀರೆಯನ್ನು ಮಡಿಸಿ ಹಾಸಿದಳು. ಅದರ ಮೇಲೆ ಗಂಟನ್ನಿಟ್ಟೆ, ಗಂಟಿನ ಮೇಲೆ ಸುಣ್ಣದ ಡಬ್ಬಿ ಇಟ್ಟೆ. ಸೂರಿನ ಸಂದಿಯಿಂದ ಕೋಲು ತೆಗೆದೆ. ಗೆದ್ದಲು ಅರ್ಧ ತಿಂದಿತ್ತು.

“ಕೆಲ್ಸ ಓಯ್ತದೆ ಕಣವ್ವ,” ಎಂದೆ. “ನಿನ್ ಗಂಡ ಕೊಡಗಿನ ತೋಟದಿಂದ ಬಂದು ಕೇಳಿದ್ರೆ ಏನಂತೀಯ?”

“ನಿಮ್ಮವ್ವನ್ನ ಮಣ್ಣ್ ಮಾಡಕ್ ಓಗಿದ್ದೆ ಅಂತೀನಿ. ಅತ್ಗಳಿ ಮಾವ.”

ಅರಳೀಕಟ್ಟೆ ಬಂತು. ರಾಣಿ ಬ್ರೇಕು ಒತ್ತಲಿಲ್ಲ. ಹಾಡು ನಿಲ್ಲಿಸಿ ಕೈಮೈಕನ್ನು ಹಿಂದಕ್ಕೆ ಕೊಟ್ಟಳು. ನಾನು ಗಾಡಿಯ ಮೇಲೆ ಎದ್ದು ನಿಂತೆ. ಕೋಲನ್ನು ತಲೆಕೆಳಗು ಹಿಡಿದೆ. ಮೈಕು ಬಾಯಿಗಿಟ್ಟರೆ ಮೊದಲು ಬರಿಯ ಉಸಿರು ಬೀದಿ ತುಂಬಾ ಕೇಳಿಸಿತು. ಆಮೇಲೆ ದನಿ ಬಂತು.

“ಮಣ್ಣಿಗೆ ಬರಬೇಕಂತೆ! ಕೇರಿ ದಾಸಯ್ಯನ ಹೆಂಡ್ತಿ ಚಿಕ್ಕಬೀರಮ್ಮನ ಮಣ್ಣಿಗೆ ಬರಬೇಕಂತೆ!”

ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ಹೆಂಗಸರು ಕೊಡ ಕೆಳಗಿಟ್ಟರು. ಯಾರೂ ಯೋಚನೆ ಮಾಡಿ ಇಟ್ಟದ್ದಲ್ಲ. ಕೋಲು ಕಂಡ ಕೂಡಲೇ ಕೈ ತಾನಾಗಿ ಇಟ್ಟಿತು. ಗುಡಿಯ ಮುಂದೆ ಒಲೆ ಹೂಡಿ, ಕಾರ್ಯಕ್ರಮಕ್ಕೆ ಬರುವವರಿಗೆಂದು ದೊಡ್ಡ ಕೊಳಗದಲ್ಲಿ ಬಾತ್ ಬೇಯಿಸುತ್ತಿದ್ದರು. ಅಡುಗೆಯವನು ಸೌಟು ಹಿಡಿದು ನಿಂತುಬಿಟ್ಟ. ಗುಡಿಯಲ್ಲಿ ಗಂಟೆ ಹೊಡೆಯುತ್ತಿತ್ತು. ನಿಂತಿತು.

ಸುನಂದಮ್ಮನವರು ಜಗಲಿಗೆ ಬಂದರು. “ಯಾರೋ ಓದೋರು, ದಾಸಯ್ಯ?” ಎಂದು ಕೇಳಿಯೇಬಿಟ್ಟರು. ಆಮೇಲೆ ನೆನಪಾಯಿತು. “ಲೇ, ಬೀರಿ ಸತ್ತು ಯಾವ ಕಾಲ ಆಯ್ತೋ? ಮಣ್ಣಾಗಿಲ್ವಾ?”

“ಆಗಿತ್ತು ಅವ್ವಾರೆ. ನಿಮ್ಮೆಜಮಾನ್ರು ನೆನ್ನೆ ಎತ್ತುಸುದ್ರು. ಈಗ ಎಣ ಊರೊಳಗೈತೆ.”

ಅವರು ಗಾಡಿಯೊಳಗಿನ ಸೀರೆ ನೋಡಿದರು, ಡಬ್ಬಿ ನೋಡಿದರು. ಒಳಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಉರಿಯುವ ಸೌದೆಗೆ ನೀರು ಸುರಿದ ಸದ್ದು ಬಂತು.

ಗುಡಿಯ ಬಾಗಿಲಿಗೆ ಸರಿಯಾಗಿ ರಾಣಿ ಗಾಡಿ ನಿಲ್ಲಿಸಿದಳು. ಬೀಗದ ಕೈ ತೆಗೆದು ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಪೂಜಾರಿ ಒಳಗಿನಿಂದಲೇ ಬಾಗಿಲು ಎಳೆದುಕೊಂಡ. ಅಡುಗೆಯವನು ಒಂದೊಂದೇ ಕೊಳ್ಳಿಯನ್ನು ಒಲೆಯಿಂದ ಹೊರಗೆಳೆಯತೊಡಗಿದ.

ಕೆರೆ ಕಡೆಯಿಂದ ಪುಟ್ಟಮಲ್ಲಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು ಬಂದರು. ಹಿಂದೆ ಶಶಿಕುಮಾರ್.

“ಲೇ ದಾಸ! ಸೂಳೇಮಗನೆ! ಯಾವನ್ನ ಕೇಳಿ ತಂದ್ಯೋ ಇದ್ನ ಇಲ್ಲೀಗೆ?”

“ನೀವೇ ಅಂದ್ರಲ್ಲ, ಸಾಗ್ಸು ಅಂತ.”

“ಗೆಸ್ಟು ಬಂದ್ ಕೂತವ್ರೆ ಕಣೋ ಅಲ್ಲಿ! ಗಾಡಿ ತೆಗಿಯೇ ರಾಣಿ. ತೆಗೀದೆ ಓದ್ರೆ ನಾಳಿಂದ ಪಂಚಾಯ್ತಿ ಕಡೆ ತಲೆ ಆಕ್ಬ್ಯಾಡ ನೀನು.”

“ಆಕಲ್ಲ ಬುಡಿ,” ಎಂದಳು ರಾಣಿ. “ಇವತ್ತಿನ್ ಟ್ರಿಪ್ಪು ಮುಗೀಲಿ.”

ಶಶಿಕುಮಾರ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. “ದಾಸಯ್ಯ, ಪ್ಲೀಸ್. ಕಾರ್ಯಕ್ರಮ ಒಂದು ಮುಗೀಲಿ, ಆಮೇಲೆ ಕೂತು ಮಾತಾಡೋಣ. ಈಗ ಗಾಡಿ ತೆಗೆಸಿ.”

“ಎಲ್ಲಿಗೆ ತಗುಸ್ಲಿ ಸಾ? ಮಣ್ಣಿಗೆ ಜಾಗ ತೋರ್‍ಸಿ. ಈಗ್ಲೇ ಓಯ್ತೀವಿ.”

ಅವರು ಪುಟ್ಟಮಲ್ಲಪ್ಪನವರ ಮುಖ ನೋಡಿದರು. ಪುಟ್ಟಮಲ್ಲಪ್ಪನವರು ಬೀದಿಯ ಕಡೆ ತಿರುಗಿ ಕಿರುಚಿದರು. “ಏನ್ ನೋಡ್ತಾ ನಿಂತಿದ್ದೀರ್‍ರೋ ಗಂಡುಸ್ರಾ? ಬನ್ರೋ, ತಳ್ರೋ ಗಾಡಿಯಾ!”

ಬೀದಿಯಲ್ಲಿ ಗಂಡಸರು ಬೇಕಾದಷ್ಟಿದ್ದರು. ಯಾರೂ ಕಾಲು ಕೀಳಲಿಲ್ಲ. ಅದು ಕಸದ ಗಾಡಿ. ಅದರಲ್ಲಿ ಹೆಣವಿತ್ತು. ಹೆಣ ಕೇರಿಯದು. ಇಷ್ಟು ದಿನ ನಮ್ಮನ್ನು ದೂರ ನಿಲ್ಲಿಸಿದ್ದೇ ಆವತ್ತು ಅವರನ್ನೂ ದೂರ ನಿಲ್ಲಿಸಿತ್ತು.

“ಪುಟ್ಟಮಲ್ಲಪ್ಪ,” ಎಂದೆ. ನನ್ನ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ಕೈಯಲ್ಲಿದ್ದ ಮೈಕು ಅದನ್ನು ಊರ ತುಂಬಾ ಹರಡಿತು. “ನೀನೇ ತಳ್ಳು ಬಾ. ಮುಟ್ಟಿ ತಳ್ಳು.”

ಅವರು ಎರಡು ಹೆಜ್ಜೆ ಬಂದರು. ಕೈ ಎತ್ತಿದರು. ಗಾಡಿಯ ಅಂಚಿನ ಹತ್ತಿರ ಬಂದ ಕೈ ಅಲ್ಲೇ ನಿಂತಿತು.

ದಂಡೆಯ ಕಡೆಯಿಂದ ಕಾರಿನ ಹಾರನ್ನು ಕೇಳಿಸಿತು. ಮತ್ತೆ ಕೇಳಿಸಿತು. ಕೊಳಗದಲ್ಲಿ ಅರ್ಧ ಬೆಂದ ಅಕ್ಕಿ ಬಿಸಿ ಆರುತ್ತಿತ್ತು. ನಾನು ಗಂಟಿನ ಪಕ್ಕದಲ್ಲಿ ಕುಳಿತೆ. ಕೋಲನ್ನು ತೊಡೆಯ ಮೇಲೆ ಹಾಗೇ ತಲೆಕೆಳಗು ಇಟ್ಟುಕೊಂಡು, ಬಾಯಿ ಒಣಗಿದ್ದರೂ ಮತ್ತೆ ಸಾರಿದೆ.

“ಮಣ್ಣಿಗೆ ಬರಬೇಕಂತೆ.”