ಎರಡನೇ ಸಹಿ

ನಮ್ಮ ಅಂಗಡಿಯ ವರದಿ ಹಾಳೆಯಲ್ಲಿ ಮೂರೇ ಕಾಲಂ: ಅಂದ, ಬಾಳಿಕೆ, ಬೆಲೆ. ಯಾರದೋ ಕೈಯಲ್ಲಿ ಹತ್ತಿಪ್ಪತ್ತು ವರ್ಷ ಬಾಳಿ ಬಂದ ದುಬಾರಿ ವಾಚನ್ನು ತಿರುಗಿಸಿ ನೋಡಿ, ಬಿಚ್ಚಿ ನೋಡಿ, ಈ ಮೂರು ಕಾಲಂ ತುಂಬುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ತುಂಬುತ್ತಿದ್ದೇನೆ. ಅಂದದ ವಿಷಯಕ್ಕೆ ಜನ ಜಗಳಕ್ಕೇ ಬರುತ್ತಾರೆ, ಬೆಲೆಯ ವಿಷಯಕ್ಕೆ ಮುಖ ಊದಿಸಿಕೊಳ್ಳುತ್ತಾರೆ, ಬಾಳಿಕೆಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಮುನ್ನೂರು ಮೀಟರ್ ನೀರಿನಾಳಕ್ಕೂ ಜಗ್ಗದ ವಾಚು ಕಟ್ಟಿಕೊಂಡವರು ಕೈ ತೊಳೆಯುವ ಮುಂಚೆ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದೇನೆ. ಬೆಟ್ಟ ಹತ್ತುವವರಿಗೆಂದೇ ಮಾಡಿದ ವಾಚು ಕಟ್ಟಿದ್ದ ಒಬ್ಬರು, ಲಿಫ್ಟ್ ಕೆಟ್ಟಿದೆ ಎಂದು ಮೊದಲ ಮಹಡಿಯಲ್ಲಿರುವ ನಮ್ಮ ಅಂಗಡಿಗೆ ಬರದೆ ಹಾಗೇ ವಾಪಸ್ ಹೋದರು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಂಗಡಿಯವರು ಹೇಳುತ್ತಾರೆ. ಇಂಥವರನ್ನು ದಿನಾ ಕಂಡರೆ ಅದು ಇನ್ನೆಲ್ಲಿರಬೇಕು?

ಹಾಳೆಯ ಕೆಳಗೆ ಎರಡು ಸಹಿ ಇರಬೇಕು. ಮೊದಲನೆಯದು ವಾಚು ಬಿಚ್ಚಿ ನೋಡಿದವರದು. ಎರಡನೆಯದು, ಅದೇ ವಾಚನ್ನು ತಾನೂ ಬೇರೆಯಾಗಿ ನೋಡಿದವರದು. ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರ ಕಣ್ಣು ಹಿಡಿಯಲಿ ಎಂದು ಈ ಏರ್ಪಾಟು. ಹೋದ ವರ್ಷದವರೆಗೆ ಮೊದಲ ಸಹಿ ನನ್ನ ಅಪ್ಪನದು, ಎರಡನೆಯದು ನನ್ನದು.

ಅಪ್ಪ ಸಹಿಯ ಜೊತೆಗೆ ಇನ್ನೊಂದು ಕೆಲಸ ಮಾಡುತ್ತಿದ್ದರು. ವಾಚಿನ ಹಿಂದಿನ ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ಮೂರು ಗೆರೆ ಎಳೆದು ಪಕ್ಕದಲ್ಲಿ ತಾರೀಖು ಕೊರೆಯುತ್ತಿದ್ದರು. ರಿಪೇರಿಯವರೆಲ್ಲ ಹೀಗೆ ಏನಾದರೊಂದು ಗುರುತು ಬಿಡುತ್ತಾರೆ. ಆದರೆ ಅಪ್ಪನ ಮೂರು ಗೆರೆ ಇದ್ದರೆ ಕೊಳ್ಳುವವರು ಚೌಕಾಸಿಗೇ ಹೋಗುತ್ತಿರಲಿಲ್ಲ. "ದೊಡ್ಡೋರು ನೋಡಿದಾರಾ? ಹಾಗಾದ್ರೆ ಮಾತೇ ಇಲ್ಲ" ಎನ್ನುತ್ತಿದ್ದರು. ಐವತ್ತು ವರ್ಷ ಒಂದೇ ಮೇಜಿನ ಮುಂದೆ ಬೆನ್ನು ಬಗ್ಗಿಸಿ ಕೂತು ಅವರು ಗಳಿಸಿದ್ದು ಈ ಮಾತನ್ನು. ಹೋದ ವರ್ಷ ಸೊಂಟ ನೋವು ಎಂದು ಕೆಲಸ ಬಿಟ್ಟರು. ಅಮ್ಮ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾರೆ.

ಸೋಮವಾರ ಬೆಳಗ್ಗೆ ಹಲ್ಲಿನ ಡಾಕ್ಟರೊಬ್ಬರು ಬಂದರು. ಐವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ವಿಮೆಯವರು ಹೊಸ ವರದಿ ಕೇಳುತ್ತಿದ್ದಾರಂತೆ. ಕೈಯಿಂದ ವಾಚು ಬಿಚ್ಚಿ ಬಟ್ಟೆಯ ಮೇಲಿಟ್ಟರು. ಉಕ್ಕಿನ ಮೈ, ಕಪ್ಪು ಡಯಲ್, ಮುಳುಗುಗಾರರ ವಾಚು, ಒಳ್ಳೆಯ ಮನೆತನದ್ದು. ಎರಡು ವರ್ಷದ ಹಿಂದೆ ಯಾರಿಂದಲೋ ಕೊಂಡಿದ್ದರು.

"ನನಗೆ ವಾಚು ಗೀಚು ಏನೂ ಗೊತ್ತಾಗಲ್ಲ ಮೇಡಂ. ನಿಮ್ಮ ವರದಿ ಇತ್ತು, ಒಳಗೆ ದೊಡ್ಡೋರ ಗುರುತಿದೆ ಅಂದ್ರು. ಅದಕ್ಕೇ ತಗೊಂಡೆ" ಎಂದರು.

"ಮಧ್ಯದಲ್ಲಿ ಬೇರೆ ಎಲ್ಲಾದ್ರೂ ಬಿಚ್ಚಿಸಿದ್ರಾ?"

"ಇಲ್ಲಪ್ಪ. ಕೈಯಿಂದಾನೇ ಬಿಚ್ಚಿಲ್ಲ."

ನಿಜ ಹೇಳುತ್ತಿದ್ದರು. ಚೈನಿನ ಒಳಬದಿ ಕೈಗೆ ಉಜ್ಜಿ ಉಜ್ಜಿ ಮೆತ್ತಗಾಗಿತ್ತು, ಮುಚ್ಚಳದ ಅಂಚಿನಲ್ಲಿ ಬೇರೆ ಸಲಕರಣೆ ಬಿದ್ದ ಗೀರು ಒಂದೂ ಇರಲಿಲ್ಲ. ಅವರನ್ನು ಕಳಿಸಿ ಕೆಲಸಕ್ಕೆ ಕೂತೆ. ಅಂದದ ಕಾಲಂ ತುಂಬಿದೆ: ಡಯಲ್ ಅಸಲಿ, ಮುಳ್ಳು ಅಸಲಿ, ಪಾಲಿಶ್ ಹೊಡೆದು ಮೈ ಕೆಡಿಸಿಲ್ಲ. ಮುಚ್ಚಳ ತಿರುಗಿಸಿ ತೆಗೆದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗೆ ನೋಡಿದೆ.

ಮಷಿನ್ ಬೇರೆ ಯಾವುದೋ. ಡಜನ್ ಲೆಕ್ಕದಲ್ಲಿ ಸಿಗುವ, ಯಾರ ಹೆಸರೂ ಇಲ್ಲದ ಮಷಿನ್. ಮೈ ಒಬ್ಬರದು, ಜೀವ ಇನ್ನೊಬ್ಬರದು. ಇಂಥ ವಾಚು ಮಾರುವವರಿಗೇನೂ ಬರವಿಲ್ಲ, ವರ್ಷಕ್ಕೆ ನಾಲ್ಕಾದರೂ ನನ್ನ ಮೇಜಿಗೆ ಬರುತ್ತವೆ, ನಾಲ್ಕನ್ನೂ ಉಗಿದು ವಾಪಸ್ ಕಳಿಸುತ್ತೇನೆ. ಆದರೆ ಈ ಮುಚ್ಚಳದಲ್ಲಿ ಮೂರು ಗೆರೆ ಇತ್ತು. ಅಪ್ಪನ ಕೈಯೇ. ಗೆರೆಗಳು ಮಾತ್ರ ಖಾಲಿ ಜಾಗ ಬಿಟ್ಟು, ಅಚ್ಚಾಗಿದ್ದ ನಂಬರಿನ ಮೇಲೆಯೇ ಅಡ್ಡ ಹಾದುಹೋಗಿದ್ದವು. ಇಪ್ಪತ್ತೆರಡು ವರ್ಷದಲ್ಲಿ ಅವರು ಅಕ್ಷರದ ಮೇಲೆ ಗೀಚಿದ್ದು ನಾನು ನೋಡಿರಲಿಲ್ಲ.

ಗುರುತು ಬಿದ್ದ ಮೇಲೆ ಯಾರೋ ಮಷಿನ್ ಬದಲಾಯಿಸಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವಾಗಲೇ ನನ್ನ ಕೈ ಕಪಾಟಿನತ್ತ ಹೋಗಿತ್ತು. ಪ್ರತಿ ವರದಿಗೂ ಬಿಚ್ಚಿದ ವಾಚಿನ ಫೋಟೋ ಅಂಟಿಸಿಡುತ್ತೇವೆ. ಎರಡು ವರ್ಷದ ಹಿಂದಿನ ಫೈಲು ತೆಗೆದೆ. ಫೋಟೋದಲ್ಲಿ ಅದೇ ಮಷಿನ್ ಇತ್ತು, ಹೆಸರಿಲ್ಲದ್ದು. ಪಕ್ಕದಲ್ಲಿ, ಅಪ್ಪ ಹೇಳಿ ನಾನು ಬರೆದ "ಮಷಿನ್: ಅಸಲಿ". ಕೆಳಗೆ ಅಪ್ಪನ ಸಹಿ. ಅದರ ಕೆಳಗೆ ನನ್ನದು.

ನನ್ನ ಸಹಿ ಚೆನ್ನಾಗಿತ್ತು, ಠೀವಿಯಿಂದ ಬಾಲ ಎಳೆದಿದ್ದೆ. ಈ ವಾಚು ನೋಡಿದ ನೆನಪೇ ನನಗಿಲ್ಲ. ನೋಡಿದ್ದರೆ ತಾನೇ ನೆನಪಿರಲು? ಅಪ್ಪ ನೋಡಿದ್ದಾರಲ್ಲ, ಇನ್ನು ನಾನೇನು ನೋಡುವುದು ಎಂದು ಹಾಕಿದ ಸಹಿ ಅದು. ಒಂದಲ್ಲ, ಎಷ್ಟೋ ವರ್ಷ ಹಾಗೆಯೇ ಹಾಕಿದ್ದೇನೆ. ಅವರು ಬಿಚ್ಚಿದ ವಾಚನ್ನು ನಾನು ಇನ್ನೊಮ್ಮೆ ಬಿಚ್ಚಿದರೆ ಅವರಿಗೆ ಅವಮಾನ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸೋಮಾರಿತನಕ್ಕೆ ಗೌರವದ ಅಂಗಿ ತೊಡಿಸಿದರೆ ಎಷ್ಟು ಚೆನ್ನಾಗಿ ಕಾಣುತ್ತದೆ!

ಯಜಮಾನರಿಗೆ ಹೇಳಲೇಬೇಕಾಯಿತು. ಅವರನ್ನು ನಾವು ಬೆನ್ನ ಹಿಂದೆ "ಎರಡು ನಿಮಿಷ" ಎಂದು ಕರೆಯುತ್ತೇವೆ. ನಾನೂರು ವಾಚಿನ ಒಡೆಯ, ಎರಡು ನಿಮಿಷ ಎಂದವರು ಎರಡು ಗಂಟೆಗೆ ಬಂದರೆ ಪುಣ್ಯ. ಅವತ್ತು ಮಾತ್ರ ತಕ್ಷಣ ಬಂದು, ಬಾಗಿಲು ಹಾಕಿಕೊಂಡು, ಫೋಟೋವನ್ನೂ ವಾಚನ್ನೂ ಬಹಳ ಹೊತ್ತು ನೋಡಿದರು.

"ಫೋಟೋ ಯಾರು ನೋಡ್ತಾರಮ್ಮ? ಮಷಿನ್ ಆಮೇಲೆ ಬದಲಾಗಿದೆ ಅಂತ ಬರಿ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ."

"ಹಾಗಂದ್ರೆ ಆ ಡಾಕ್ಟ್ರು ಸುಳ್ಳು ಹೇಳಿದ್ರು ಅಂತಾಗುತ್ತೆ."

"ಅವರು ಹಲ್ಲು ಕೀಳೋರು. ಯಾರೋ ಮೋಸ ಮಾಡಿದ್ರು ಅಂತ ಎರಡು ದಿನ ಬೇಜಾರು ಮಾಡ್ಕೊಂಡು ಸುಮ್ಮನಾಗ್ತಾರೆ. ನಿಮ್ಮ ತಂದೆ ಹೆಸರು ಹೋದ್ರೆ? ಈ ಊರಲ್ಲಿ ಅವರ ಗುರುತಿರೋ ವಾಚು ಎಷ್ಟಿದಾವೆ ಅಂತ ಗೊತ್ತಲ್ಲ? ಒಂದು ಕೆಟ್ಟಿತು ಅಂದ್ರೆ ಜನ ಎಲ್ಲದರ ಮೇಲೂ ಅನುಮಾನ ಪಡ್ತಾರೆ. ಈ ವಯಸ್ಸಲ್ಲಿ ಅವರಿಗೆ ಅದು ಬೇಕಾ? ನಾಳೆ ಬೆಳಗ್ಗೆ ಆ ಯಮ್ಮ ಬರ್ತಾರೆ. ನೀನೇ ಯೋಚನೆ ಮಾಡು."

ಅವರ ಮೇಲೆ ರೇಗುವ ಹಕ್ಕು ನನಗಿರಲಿಲ್ಲ. ಏಕೆಂದರೆ ಅದೇ ವಾಕ್ಯವನ್ನು ನಾನು ಆಗಲೇ ಮನಸ್ಸಿನಲ್ಲಿ ಬರೆದು ನೋಡಿದ್ದೆ. ವಾಚು, ಹಾಳೆ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನವೇ ಮನೆಗೆ ಹೊರಟೆ.

ಅಪ್ಪ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದರು. ನಾನು ಬಾಗಿಲು ದಾಟುತ್ತಿದ್ದಂತೆಯೇ, "ಏನು ಪುಟ್ಟಿ, ಇಷ್ಟು ಬೇಗ? ಅಂಗಡಿಗೆ ಬೆಂಕಿ ಬಿತ್ತಾ?" ಎಂದರು. ನನಗೆ ನಲವತ್ತೇಳು, ಮಂಡಿ ನೋವು ಬಂದಿದೆ, ಇನ್ನೂ ಪುಟ್ಟಿ. ಎದ್ದು ಅಡುಗೆಮನೆಗೆ ಹೋಗಿ ನನಗೆ ನೀರು ತಂದುಕೊಟ್ಟರು. ಸ್ಟೂಲು ಬಳಸಿ, ಮೇಜಿನ ಮೂಲೆ ಬಳಸಿ, ಎಲ್ಲೂ ಎಡವದೆ ನಡೆದರು. ನೋಡು, ಅಪ್ಪನಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ.

"ಒಂದು ವಾಚಿದೆ ಅಪ್ಪ. ನನಗೆ ಅನುಮಾನ. ನೀವು ಒಂದ್ಸಲ ನೋಡ್ತೀರಾ?"

ಅವರ ಮುಖ ಅರಳಿತು. ಒಂದು ವರ್ಷದಿಂದ ಯಾರೂ ಅವರಿಗೆ ವಾಚು ತೋರಿಸಿರಲಿಲ್ಲ. ಟೇಬಲ್ ದೀಪ ಎಳೆದುಕೊಂಡರು, ತಮ್ಮ ಹಳೆಯ ಭೂತಗನ್ನಡಿಯನ್ನು ಜೇಬಿನ ಅಂಚಿಗೆ ಒರೆಸಿ ಕಣ್ಣಿಗಿಟ್ಟುಕೊಂಡರು. ವಾಚನ್ನು ಮೊದಲು ಕಿವಿಯ ಹತ್ತಿರ ಹಿಡಿದು ಟಿಕ್ ಟಿಕ್ ಕೇಳಿದರು, ಕೀ ತಿರುಗಿಸಿ ಬಿಗಿ ನೋಡಿದರು. ಆಮೇಲೆ ನಾನು ಬಿಚ್ಚಿಟ್ಟಿದ್ದ ಹಿಂಭಾಗವನ್ನು ದೀಪದ ಕೆಳಗೆ ಹಿಡಿದು, ಕುತ್ತಿಗೆ ಒಂದು ಕಡೆ ವಾಲಿಸಿ, ತುಂಬ ಹೊತ್ತು ನೋಡಿದರು.

"ಒಳ್ಳೇ ಮಾಲು. ನಡಿಗೆ ಸರಿಯಾಗಿದೆ. ನಿನಗ್ಯಾಕೆ ಅನುಮಾನ?"

ಆದರೂ ಕೇಳಿದೆ. "ಮಷಿನ್ ಮೇಲೆ ಹೆಸರು ಹೇಗಿದೆ ಅಪ್ಪ? ಕೊರೆದಿದಾರಾ, ಬರೀ ಅಚ್ಚು ಹಾಕಿದಾರಾ?"

"ಕೊರೆದಿದಾರೆ" ಎಂದರು ಅಪ್ಪ. "ಅಕ್ಷರ ಚೊಕ್ಕವಾಗಿದೆ."

ಅಲ್ಲಿ ಹೆಸರೇ ಇರಲಿಲ್ಲ. ಕೋಪ ಬರಬೇಕಿತ್ತು, ಬರಲಿಲ್ಲ. ಅಪ್ಪ ಸುಳ್ಳು ಹೇಳಿದ್ದನ್ನು ನನ್ನ ಜೀವಮಾನದಲ್ಲಿ ಕೇಳಿದ್ದು ಅದೇ ಮೊದಲು, ಅಷ್ಟು ಸಲೀಸಾಗಿ ಹೇಳಿದ್ದರು.

"ಸರಿ ಅಪ್ಪ" ಎಂದು ವಾಚನ್ನು ತೆಗೆದುಕೊಂಡೆ.

ಊಟದ ಮೇಜಿನ ಮೇಲೆ ಹಾಳೆ ಬಿಡಿಸಿಕೊಂಡು ಕೂತೆ. ಅಪ್ಪ ಎದುರಿನ ಕುರ್ಚಿಗೆ ಬಂದು ಕೂತರು. ಬಾಳಿಕೆಯ ಕಾಲಂನಲ್ಲಿ ಪೆನ್ನು ನಿಂತುಬಿಟ್ಟಿತು. ಯಜಮಾನರ ವಾಕ್ಯ ಬರೆದರೆ ಅಪ್ಪನ ಹೆಸರು ಉಳಿಯುತ್ತದೆ, ನನ್ನದೂ ಉಳಿಯುತ್ತದೆ. ಉಳಿಯದೆ ಹೋಗುವುದು ನಮ್ಮನ್ನು ನಂಬಿ ಎರಡು ವರ್ಷ ಕೈಯಿಂದ ಬಿಚ್ಚದೆ ಕಟ್ಟಿಕೊಂಡ ಆ ಹೆಂಗಸಿನ ಮಾತು ಮಾತ್ರ. "ಇಲ್ಲಪ್ಪ, ಕೈಯಿಂದಾನೇ ಬಿಚ್ಚಿಲ್ಲ" ಎಂದಿದ್ದರಲ್ಲ, ಅದನ್ನು ಅಳಿಸಲು ನನಗೆ ಕೈ ಬರಲಿಲ್ಲ. ಬರೆದೆ. ಮಷಿನ್ ಅಸಲಿಯಲ್ಲ. ಎರಡು ವರ್ಷದ ಹಿಂದಿನ ನಮ್ಮ ವರದಿ ತಪ್ಪು. ಆಗ ಮೊದಲು ನೋಡಿದವರಿಗೆ ಅದು ಕಾಣಲಿಲ್ಲ, ಎರಡನೆಯವರು ನೋಡಲೇ ಇಲ್ಲ. ಬೆಲೆಯ ಕಾಲಂನಲ್ಲಿ ಬರೀ ಮೈಯ ಬೆಲೆ ಹಾಕಿದೆ.

"ಆಯ್ತಾ? ಓದು" ಎಂದರು ಅಪ್ಪ.

ಅಂಗಡಿಯಲ್ಲಿದ್ದಾಗಲೂ ಹಾಗೇ, ನಾನು ಬರೆದದ್ದನ್ನು ಅವರು ಓದಿಸಿ ಕೇಳುತ್ತಿದ್ದರು. ಕೊನೆಕೊನೆಗೆ ಪ್ರತಿಯೊಂದನ್ನೂ ಓದಿಸುತ್ತಿದ್ದರು. ವಯಸ್ಸಾಯಿತು, ದರ್ಬಾರು ಮಾಡಲಿ ಬಿಡು ಎಂದುಕೊಂಡಿದ್ದೆ.

ಹಾಳೆ ಕೈಗೆತ್ತಿಕೊಂಡೆ. "ಅಂದ: ಡಯಲ್ ಅಸಲಿ, ಮೈ ಚೆನ್ನಾಗಿದೆ. ಬಾಳಿಕೆ: ಮಷಿನ್ ಅಸಲಿ, ನಡಿಗೆ ಸರಿಯಾಗಿದೆ. ಬೆಲೆ: ಈಗಿನ ಮಾರುಕಟ್ಟೆಯ ಪೂರ್ತಿ ಬೆಲೆ." ಹಾಳೆಯಲ್ಲಿ ಇಲ್ಲದ್ದನ್ನು ಗಡಗಡ ಓದಿ ಮುಗಿಸಿದೆ.

ಅಪ್ಪ ಮೇಜಿನ ಮೇಲೆ ಕೈ ಜೋಡಿಸಿಟ್ಟರು. ಆಮೇಲೆ ಮೆಲ್ಲಗೆ, "ಈಗ ಬರೆದಿರೋದನ್ನ ಓದು ಪುಟ್ಟಿ" ಎಂದರು.

"ಓದಿದ್ನಲ್ಲ."

"ಒಳ್ಳೇದು ಬರೆದಾಗ ನೀನು ಹೀಗೆ ಓಡಲ್ಲ. ಓದು."

ಓದಿದೆ. ಮೊದಲಿಂದ ಕೊನೆಯವರೆಗೆ, ಇದ್ದದ್ದು ಇದ್ದ ಹಾಗೆ. "ಎರಡನೆಯವರು ನೋಡಲೇ ಇಲ್ಲ" ಎನ್ನುವುದನ್ನೂ ಬಿಡಲಿಲ್ಲ.

"ನಡುವಿಂದು ಹೋಗಿದೆ" ಎಂದರು ಅಪ್ಪ. "ಸುತ್ತ ಎಲ್ಲಾ ಕಾಣುತ್ತೆ. ಬಾಗಿಲು ಕಾಣುತ್ತೆ, ಲೋಟ ಕಾಣುತ್ತೆ, ನೀನು ಬರೋದು ಹೋಗೋದು ಕಾಣುತ್ತೆ. ಯಾವುದನ್ನ ನೋಡ್ಬೇಕು ಅಂತ ಕಣ್ಣಿಡ್ತೀನೋ, ಅದೊಂದೇ ಕಾಣಲ್ಲ."

"ಎಷ್ಟು ದಿನ ಆಯ್ತು?"

"ನಿಮ್ಮಮ್ಮ ತೀರಿಕೊಂಡ ವರ್ಷ ಶುರು ಆಯ್ತು. ನಾಲ್ಕು ವರ್ಷ."

"ನಾಲ್ಕು ವರ್ಷ! ನನಗೊಂದು ಮಾತು ಹೇಳ್ಬಾರದಾ? ಸೊಂಟ ನೋವು ಸೊಂಟ ನೋವು ಅಂತ ನಾಟಕ ಆಡ್ಕೊಂಡು ಬಂದ್ರಲ್ಲ! ನಿಮ್ಮ ಸೊಂಟಕ್ಕೆ ನಾನು ಎಣ್ಣೆ ತಿಕ್ಕಿದೀನಿ!" ಕೋಪ ಈಗ ಬಂತು. ಮನೆ ಹಾರಿಹೋಗುವಂತೆ ಕೂಗಿದೆ. ಕೂಗುತ್ತಲೇ ಅಳುತ್ತಿದ್ದೆ.

ನಾನು ಸುಸ್ತಾಗಿ ನಿಲ್ಲುವವರೆಗೂ ಅವರು ಕಾದರು.

"ಮನೇಲಿ ನಿಮ್ಮಮ್ಮ ಇಲ್ಲ. ಅಂಗಡಿ ಮೇಜೂ ಬಿಟ್ಟು ನಾನೇನು ಮಾಡ್ಲಿ? ಕಿವಿ ಇದೆ, ಕೈ ಇದೆ, ಹೇಗೋ ನಡೆಯುತ್ತೆ ಅಂದ್ಕೊಂಡೆ. ತಪ್ಪಿದ್ರೆ ಹಿಂದೆ ನೀನು ನೋಡ್ತೀಯಲ್ಲ, ನೀನು ಹಿಡೀತೀಯ ಅಂದ್ಕೊಂಡೆ. ದಿನಾ ಕಾಯ್ತಿದ್ದೆ ಪುಟ್ಟಿ, ಇವತ್ತು ಹಿಡೀತಾಳೆ, ನಾಳೆ ಹಿಡೀತಾಳೆ ಅಂತ. ಒಂದೂ ವಾಪಸ್ ಬರಲಿಲ್ಲ. ಓ, ಹಾಗಾದ್ರೆ ನಾನು ಇನ್ನೂ ತಪ್ಪಿಲ್ಲ ಅಂದ್ಕೊಂಡೆ."

ಅವರ ಮಾತಿನಲ್ಲಿ ಆರೋಪದ ಲವಲೇಶವೂ ಇರಲಿಲ್ಲ. ಬೈದಿದ್ದರೆ ಎದುರು ಬೈಯಬಹುದಿತ್ತು. ಅವರು ನನ್ನನ್ನು ನಂಬಿ ನೋಡದೆ ಸಹಿ ಹಾಕಿದರು, ನಾನು ಅವರನ್ನು ನಂಬಿ ನೋಡದೆ ಸಹಿ ಹಾಕಿದೆ. ಮೂರು ವರ್ಷ ಆ ಅಂಗಡಿಯಲ್ಲಿ ಯಾವ ವಾಚನ್ನೂ ಯಾರೂ ನೋಡಿರಲಿಲ್ಲ. ಅಮ್ಮನನ್ನು ಕಳಕೊಂಡಾಗಲೂ ನಾನು ಇಷ್ಟು ಹೆದರಿರಲಿಲ್ಲ.

"ಆ ಮೂರು ವರ್ಷದಲ್ಲಿ ಎಷ್ಟು ಮಾಡಿದ್ವಿ?" ಎಂದು ಕೇಳಿದರು.

"ಇನ್ನೂರರ ಮೇಲಿದೆ."

"ಎಲ್ಲರಿಗೂ ಬರಿ. ತಂದು ತೋರಿಸಿ ಅನ್ನು. ಬಿಚ್ಚಿ ನೋಡು."

"ಅಪ್ಪ, ನಿಮ್ಮ ಹೆಸರು ಮಣ್ಣುಪಾಲಾಗುತ್ತೆ."

"ಹೆಸರು ಕಟ್ಟಿಕೊಂಡು ನಾನೇನು ಗಂಟೆ ನೋಡ್ಲಾ? ಆ ಡಾಕ್ಟ್ರಮ್ಮ ನನ್ನ ಗುರುತು ನಂಬಿ ತಗೊಂಡಿದಾರೆ. ಆ ವರದಿಗೆ ಮೊದಲ ಸಹಿ ನಂದು. ತಪ್ಪು ಅಂತ ಬರೆದಿರೋ ಹಾಳೇಲೂ ನಂದು ಇರಬೇಕು. ಪೆನ್ನು ಕೊಡು."

ಪೆನ್ನು ಕೊಟ್ಟೆ. ಅವರು ಅದನ್ನು ಹಿಡಿದು ಹಾಳೆಯ ಮೇಲೆ ಬಗ್ಗಿದರು. ತಲೆಯನ್ನು ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು. ಆಮೇಲೆ ಪೆನ್ನನ್ನು ನನ್ನ ಕಡೆಗೇ ತಿರುಗಿಸಿ ಹಿಡಿದರು.

"ಬೇಡ. ಈ ಸಲ ನೀನು ಮೊದಲು ಹಾಕು. ನೋಡಿ ಹಾಕು. ಆಮೇಲೆ ನಾನು ನೋಡದೆ ಹಾಕ್ತೀನಿ."

ವಾಚನ್ನು ಇನ್ನೊಮ್ಮೆ ದೀಪದ ಕೆಳಗಿಟ್ಟೆ. ಭೂತಗನ್ನಡಿ ಸಿಕ್ಕಿಸಿಕೊಂಡು ಹೆಸರಿರಬೇಕಾದ ಜಾಗ ನೋಡಿದೆ, ಸ್ಕ್ರೂಗಳನ್ನು ನೋಡಿದೆ, ನಂಬರಿನ ಮೇಲೆ ಹಾದುಹೋದ ಮೂರು ಗೆರೆ ನೋಡಿದೆ. ಬಾಲ ಎಳೆಯದೆ ಸಹಿ ಹಾಕಿದೆ.

"ಎಲ್ಲಿ ಹಾಕ್ಬೇಕು, ಬೆರಳಿಟ್ಟು ತೋರಿಸು" ಎಂದರು ಅಪ್ಪ.

ಹಾಳೆಯ ಮೇಲೆ ಬೆರಳಿಟ್ಟೆ. ಅವರು ಎಡಗೈಯಿಂದ ತಡವಿ ನನ್ನ ಬೆರಳನ್ನು ಹುಡುಕಿಕೊಂಡು, ಅದರ ಪಕ್ಕದಿಂದ ಬರೆಯಲು ಶುರು ಮಾಡಿದರು. ಕೊನೆಯ ಎರಡಕ್ಷರ ಹಾಳೆ ಬಿಟ್ಟು ನನ್ನ ಉಗುರಿನ ಮೇಲೆ ಬಂದವು. ನಾನು ಕೈ ತೆಗೆಯಲಿಲ್ಲ.